ನಮ್ಮೋರು ಹೊಡೆದ್ರು

"ಅಕ್ಕಾ, ನಮ್ಮೋರು ಹೊಡೆದ್ರು!" ಎಂದು ಕಿರುಚಿ ತಮ್ಮ ಫೋನಿಟ್ಟುಬಿಟ್ಟ.

ಅಂಕಿಯಕ್ಕ ತಡಮಾಡಲಿಲ್ಲ. ಸ್ಕೋರ್‌ಬೋರ್ಡಿನ ಹಿಂದಿನ ಇಕ್ಕಟ್ಟು ಕೋಣೆಯಲ್ಲಿ ಸಾಲಾಗಿ ಮೊಳೆಗೆ ನೇತುಹಾಕಿದ್ದ ತಗಡಿನ ಅಂಕಿಗಳಲ್ಲಿ ಒಂದರ ತಗಡನ್ನು ಕಿತ್ತು, ಏಣಿ ಹತ್ತಿ, 'ಆ ಕಡೆ ಆಟ' ಎಂಬ ಸಾಲಿನಲ್ಲಿ ಅತಿಥಿ ತಂಡದ ಸೊನ್ನೆ ತೆಗೆದು ಅಲ್ಲಿ ಸಿಕ್ಕಿಸಿದಳು. ಬೋರ್ಡಿನಾಚೆ ಹದಿನೆಂಟು ಸಾವಿರ ಗಂಟಲು ಒಟ್ಟಿಗೆ ಬಿರಿಯಿತು.

ರಾಷ್ಟ್ರೀಯ ಲೀಗಿನಲ್ಲಿ ಆ ವರ್ಷದ ಕೊನೆಯ ದಿನ, ಕೊನೆಯ ಆಟ. ಕೆಳದರ್ಜೆಗೆ ಬೀಳದೆ ಮೇಲಿನ ದರ್ಜೆಯಲ್ಲಿ ಉಳಿಯಲು ಇದ್ದದ್ದು ಒಂದೇ ಜಾಗ, ಅದಕ್ಕೆ ಎರಡು ತಂಡ: ಇಲ್ಲಿಯದೊಂದು, ಆರು ತಾಸಿನ ರೈಲು ದಾರಿಯಾಚೆಯದೊಂದು. ಪಾಯಿಂಟು ಸಮ, ಗೋಲಿನ ಲೆಕ್ಕದಲ್ಲಿ ಇವರು ಕೂದಲೆಳೆಯಷ್ಟು ಮುಂದೆ. ಅವರು ಸೋತರೆ ಇವರಿಗೆ ಆಟ ಸಮವಾದರೂ ಸಾಕಿತ್ತು. ಅವರು ಗೆದ್ದರೆ ಇವರೂ ಗೆಲ್ಲಲೇಬೇಕಿತ್ತು. ಇಲ್ಲಿ ಒಂದು-ಒಂದು, ಅಲ್ಲಿ ಅದುವರೆಗೆ ಸೊನ್ನೆ-ಸೊನ್ನೆ. ರೇಡಿಯೊದವರೆಲ್ಲ ಕಪ್ ಎತ್ತುವವರ ಹಿಂದೆ ಹೋಗಿದ್ದರು. ಮುಳುಗುವವರ ಸುದ್ದಿ ಯಾರಿಗೆ ಬೇಕು? ಅಲ್ಲಿನ ಗೋಲು ಇಲ್ಲಿಯ ಗೋಳೋ ಅಲ್ಲವೋ ಎಂದು ತಿಳಿಸಬೇಕಾದವನು ಅಲ್ಲಿನ ಮೈದಾನದ ಟಿಕೆಟ್ ಕೋಣೆಯಲ್ಲಿ ಕೆಲಸಕ್ಕಿದ್ದ ಅಂಕಿಯಕ್ಕನ ತಮ್ಮ. ಹೆಂಡತಿಯ ಊರೆಂದು ಹೋದವನು, ಹೋಗಿ ಹನ್ನೊಂದು ವರ್ಷವಾಗಿತ್ತು.

ಬೆಳಿಗ್ಗೆಯೇ ಅವಳು ಅವನಿಗೆ ಪಾಠ ಮಾಡಿದ್ದಳು. "ನೋಡೋ, ಇವತ್ತು ಅಲ್ಲಿಗೆ ಆಡೋಕೆ ಬಂದಿದಾರಲ್ಲ, ಅವ್ರು ಗೆಲ್ಬೇಕು. ಇವತ್ತೊಂದಿನ ಅವ್ರೇ ನಮ್ಮೋರು. ತಲೆಗೆ ಹೋಯ್ತಾ?"

"ಹೋಯ್ತಕ್ಕ. ಅವ್ರೇ ನಮ್ಮೋರು."

ಈಗ ಕೋಣೆಯ ಬಾಗಿಲಿಗೆ ಕ್ಲಬ್ಬಿನ ಕಾರ್ಯದರ್ಶಿ ಬಂದು ನಿಂತರು. ಕಾರ್ಯ ಕಡಿಮೆ, ದರ್ಶನ ಜಾಸ್ತಿ ಎಂದು ಮೈದಾನವೆಲ್ಲ ಅವರನ್ನು ಆಡಿಕೊಳ್ಳುತ್ತಿತ್ತು. "ಬದುಕಿದ್ವಿ ಅಂಕಿಯಕ್ಕ! ನಿಮ್ಮ ತಮ್ಮನ ಬಾಯಿಗೆ ಸಕ್ಕರೆ ಹಾಕ. ಕೋಚ್‌ಗೆ ಹೇಳ್ಬಿಟ್ಟೆ, ಆ ಮುಂದಿನೋನ್ನ ಹೊರಗೆ ಕರ್ಕೊಂಡು ಹಿಂದೆ ಇನ್ನೊಂದು ಗೋಡೆ ಕಟ್ಟಿ ಅಂತ."

ಅವಳು ಹಲಗೆಯ ಸಂದಿಗೆ ಕಣ್ಣಿಟ್ಟಳು. ಆ ದಿನ ಇವರ ಒಂದೇ ಗೋಲು ಹೊಡೆದಿದ್ದ ಉದ್ದನೆಯವನು ಚಪ್ಪಾಳೆ ತಟ್ಟುತ್ತ ಹೊರಗೆ ನಡೆಯುತ್ತಿದ್ದ. ಇದ್ದದ್ದೊಂದೇ ಬದಲಾವಣೆ, ಅದೂ ಮುಗಿಯಿತು. ಉಳಿದವರು ಹೊತ್ತು ಕಳೆಯಲು ಮೂಲೆಯ ಬಾವುಟದ ಹತ್ತಿರ ಚೆಂಡಿಗೆ ಬೆನ್ನು ಅಡ್ಡಕೊಟ್ಟು, ಎಮ್ಮೆ ಕಾಯುವವರ ಹಾಗೆ ನಿಂತಿದ್ದರು.

ಆಗ ಅವಳ ಕಿವಿಗೆ ಮತ್ತೆ ಬಂದದ್ದು ತಮ್ಮನ ಮಾತಲ್ಲ, ಮಾತಿನ ಹಿಂದಿದ್ದ ಸದ್ದು.

ಹತ್ತೊಂಬತ್ತು ವರ್ಷ ಬೋರ್ಡಿನ ಹಿಂದೆಯೇ ಕಳೆದವಳು. ಗೋಲು ಯಾರದ್ದೆಂದು ನೋಡಿ ತಿಳಿದದ್ದಕ್ಕಿಂತ ಕೇಳಿ ತಿಳಿದದ್ದೇ ಹೆಚ್ಚು. ಬಂದವರು ಹೊಡೆದರೆ ಊರಿನ ಮೈದಾನ ಸಾವಿನ ಮನೆಯಾಗಬೇಕು. ಅವನ ಹಿಂದೆ ಮದುವೆ ಮನೆಯ ಗದ್ದಲವಿತ್ತು.

ಗೋಡೆಯ ಫೋನೆತ್ತಿ ನಂಬರ್ ತಿರುಗಿಸಿದಳು. ಎಂಗೇಜ್. ಮತ್ತೆ ತಿರುಗಿಸಿದಳು. ಎಂಗೇಜ್. ಬೆವರಿಗೆ ಬೆರಳು ಜಾರಿ ಮೂರನೆಯ ಸಲ ಯಾವುದೋ ಅಂಗಡಿಗೆ ಹೋಯಿತು. ಗಡಿಯಾರದಲ್ಲಿ ಎಂಟು ನಿಮಿಷ ಉಳಿದಿತ್ತು, ಆಮೇಲೆ ಏಳು, ಆಮೇಲೆ ಐದು.

"ಹಲೋ?"

"ಯಾವ ನಮ್ಮೋರೋ?"

"ಹಾಂ?"

"ಹೊಡೆದಿದ್ಯಾರು ಅಂದೆ. ಬಂದೋರಾ, ಇದ್ದೋರಾ?"

"ಅಯ್ಯೋ ಅಕ್ಕ... ನಮ್ಮೋರೇ. ಅಂದ್ರೆ... ಇಲ್ಲಿಯೋರು."

ಅವಳು ರಿಸೀವರನ್ನು ಹಾಗೇ ನೇತಾಡಲು ಬಿಟ್ಟು ಏಣಿಗೆ ಕೈಹಾಕಿದಳು. ಕಾರ್ಯದರ್ಶಿಗಳ ಕೈ ಆಗಲೇ ಅಲ್ಲಿತ್ತು. "ಮುಟ್ಬೇಡಿ! ಈಗ ಬದಲಾಯಿಸಿದ್ರೆ ಹುಡುಗ್ರ ಕೈಕಾಲು ಬಿದ್ದುಹೋಗತ್ತೆ. ಜನ ಈ ಬೋರ್ಡ್ ಕಿತ್ತು ನಮ್ಮ ತಲೆಗೇ ಹಾಕ್ತಾರೆ."

"ನನ್ನ ತಲೆಗೆ ಹಾಕ್ಲಿ ಸಾರ್, ತಪ್ಪು ನಂದು. ಗೊತ್ತಿಲ್ದೆ ನಿಂತು ಸೋಲೋದಕ್ಕಿಂತ ಗೊತ್ತಿದ್ದು ಓಡ್ಲಿ. ಏಣಿ ಬಿಡಿ."

ಅವರು ಬಿಟ್ಟರು. ಅವಳು ಒಂದನ್ನು ಕಿತ್ತಳು, ಅಲ್ಲಿ ಸೊನ್ನೆ ಹಾಕಿದಳು, ಪಕ್ಕದ ಸೊನ್ನೆ ತೆಗೆದು ಆ ಒಂದನ್ನೇ ಸಿಕ್ಕಿಸಿದಳು. ಮೈದಾನ ಉಸಿರು ನುಂಗಿತು. ಮೂಲೆಯಲ್ಲಿ ಚೆಂಡು ಕಾಯುತ್ತಿದ್ದ ನಾಯಕ ಬೋರ್ಡು ನೋಡಿದ, ಕೋಚ್‌ನ ಮುಖ ನೋಡಿದ. ಆಮೇಲೆ ಯಾರ ಮುಖವನ್ನೂ ನೋಡದೆ ಚೆಂಡನ್ನು ನಡುವಿಗೆ ಎತ್ತಿ ಒದ್ದ.

ನಾಲ್ಕು ನಿಮಿಷ. ಗೋಡೆ ಕಟ್ಟಲು ಬಂದವನೂ ಮುಂದೆ ಓಡಿದ, ಗೋಲ್‌ಕೀಪರೂ ಓಡಿದ. ಅಂಕಿಯಕ್ಕ ಎರಡರ ತಗಡನ್ನು ಎದೆಗವಚಿಕೊಂಡು ಏಣಿಯ ಮೇಲೆಯೇ ನಿಂತಳು. ಬೋರ್ಡಿನಾಚೆ ಕೂಗು ಏರಿತು, ಇನ್ನೂ ಏರಿತು. ಠಣ್ಣೆಂದು ಕಂಬಕ್ಕೆ ಬಡಿದ ಸದ್ದು. ಸಂದಿಯಲ್ಲಿ ನೋಡುವ ಅಗತ್ಯ ಅವಳಿಗಿರಲಿಲ್ಲ. ಬಲೆಗೆ ಬಿದ್ದ ಚೆಂಡು ಸದ್ದು ಮಾಡುವುದಿಲ್ಲ.

ಆಟ ಮುಗಿದ ಸೀಟಿ ಮೊಳಗಿತು.

ಅವಳು ಕೆಳಗಿಳಿದು, ಇನ್ನೂ ನೇತಾಡುತ್ತಿದ್ದ ರಿಸೀವರನ್ನು ಕಿವಿಗಿಟ್ಟಳು. ತಮ್ಮ ಕಾಯುತ್ತಲೇ ಇದ್ದ.

"ಅಕ್ಕ, ಏನಾಯ್ತು? ನೀವು ಹೊಡೆದ್ರಾ?"

"ಇಲ್ಲ ಕಣೋ. ನಿಮ್ಮೋರು ಉಳ್ಕೊಂಡ್ರು."

"ಅಕ್ಕಾ, ನಾನು..."

"ಊಟ ಮಾಡಿದ್ಯಾ? ಮಾಡು, ಹೋಗು."

ಫೋನಿಟ್ಟಳು. ಎರಡರ ಮೇಲಿನ ಧೂಳನ್ನು ತೋಳಿನಿಂದ ಒರೆಸಿ ಅದರ ಮೊಳೆಗೆ ಹಾಕಿದಳು. ತಗಡು ಸ್ವಲ್ಪ ಹೊತ್ತು ಆ ಕಡೆ ಈ ಕಡೆ ತೂಗಿ, ನಿಂತಿತು.