ಬಿಳಿ ಬಳಿದ ಮುಖ

ತನ್ನ ಕಲಾಪ್ರದರ್ಶನ ನೋಡಲು ದೊಡ್ಡಮ್ಮ ಬರುತ್ತಾರೆಂದು ಫೋನ್ ಬಂದಾಗಿನಿಂದ ಕಲಾವಿದೆಗೆ ಕೈಕಾಲೇ ಆಡುತ್ತಿರಲಿಲ್ಲ. ಬೇರೆ ಯಾರೇ ಬಂದಿದ್ದರೂ ಅವಳಿಗೆ ಚಿಂತೆಯಿರಲಿಲ್ಲ. ಅಲ್ಲಿಗೆ ಬರುವವರಲ್ಲಿ ಅರ್ಧ ಜನ ಗೋಡೆಯ ಸ್ವಿಚ್‌ಬೋರ್ಡನ್ನೂ ಕಲೆಯೆಂದುಕೊಂಡು ತಲೆದೂಗಿ ಹೋಗುವವರು. ದೊಡ್ಡಮ್ಮ ಹಾಗಲ್ಲ. ಅವರು ಕ್ರೈಸ್ತ ಸನ್ಯಾಸಿನಿ, ಮಿಷನ್ನಿನ ಮಕ್ಕಳ ಹಾಸ್ಟೆಲಿನಲ್ಲೇ ಆಯುಸ್ಸು ಸವೆಸಿದವರು. ಅಮ್ಮ ತೀರಿಕೊಂಡ ಮೇಲೆ ಇವಳಿಗೆ ತನ್ನವರು ಅಂತ ಉಳಿದವರೂ ಅವರೊಬ್ಬರೇ.

ಒಳಕೋಣೆಯಲ್ಲಿ ತೂಗುಹಾಕಿದ್ದು ಅದೇ ಹಾಸ್ಟೆಲಿನ ಹಳೆಯ ಫೋಟೋಗಳು. ಗುಡ್ಡದ ಊರುಗಳಿಂದ ಕರೆತಂದ ಮಕ್ಕಳಿಗೆ ಅಲ್ಲಿ ಕೂದಲು ಕತ್ತರಿಸಿ, ಜ್ಞಾನಸ್ನಾನ ಮಾಡಿಸಿ, ಹೊಸ ಹೆಸರಿಡುತ್ತಿದ್ದರು. ಹಳೆಯ ಹೆಸರು ಅಲ್ಲಿಗೆ ಮುಗಿಯಿತು. ಆ ಅನ್ಯಾಯ ತೋರಿಸಲೆಂದು ಇವಳು ಪ್ರತಿ ಮಗುವಿನ ಮುಖಕ್ಕೂ ಬಿಳಿ ಬಣ್ಣ ಬಳಿದಿದ್ದಳು, ಅದೂ ಮೂಲ ಫೋಟೋಗಳ ಮೇಲೆಯೇ. ನಕಲಿನ ಮೇಲೆ ಬಳಿದರೆ ಬರೀ ನಾಟಕವಾಗುತ್ತದೆಂದು ಪತ್ರಿಕೆಯವರ ಮುಂದೆ ದೊಡ್ಡ ಮಾತು ಬೇರೆ ಆಡಿದ್ದಳು. ನಡುವಿನ ಫೋಟೋದಲ್ಲಿ ಒಬ್ಬ ಪುಟ್ಟ ಹುಡುಗಿಯ ಪಕ್ಕ ಕತ್ತರಿ ಹಿಡಿದು ನಿಂತ ತರುಣಿ ದೊಡ್ಡಮ್ಮ. ಇವಳನ್ನು ನಂಬಿ ಆ ಫೋಟೋ ಕೊಟ್ಟವರೂ ಅವರೇ.

"ಅದೊಂದನ್ನ ಇಳಿಸಿಬಿಡೋಣ್ವಾ?" ಎಂದು ಗ್ಯಾಲರಿಯವನನ್ನು ಕೇಳಿದಳು.

"ತಲೆ ಕೆಟ್ಟಿದೆಯಾ? ಜನ ಬರ್ತಿರೋದೇ ಅದನ್ನ ನೋಡೋಕೆ!"

ಅಷ್ಟರಲ್ಲಿ ದೊಡ್ಡಮ್ಮ ಬಂದೇಬಿಟ್ಟರು. ಅತ್ತಿತ್ತ ನೋಡದೆ ನೇರ ಆ ಫೋಟೋದ ಮುಂದೆ ಹೋಗಿ ನಿಂತರು. ಇವಳು ಹಿಂದೆಯೇ ಓಡಿದಳು. ಇನ್ನು ಮುಂದೆ ಮುಖ ಕೊಟ್ಟು ಮಾತಾಡಿಸುತ್ತಾರೋ ಇಲ್ಲವೋ!

"ದೊಡ್ಡಮ್ಮ, ನಿಮ್ಮನ್ನ ಬೈಯೋಕೆ ಅಂತ ಅಲ್ಲ..."

"ಬೈದ್ರೆ ತಪ್ಪೇನು? ಕತ್ತರಿ ನನ್ನ ಕೈಯಲ್ಲೇ ಇದೆಯಲ್ಲ. ಈ ಹುಡುಗಿ ಜಡೆ ಹಿಡ್ಕೊಂಡು ಬೇಡ ಬೇಡ ಅಂತ ಅತ್ತಳು. ಒಳ್ಳೇದು ಮಾಡ್ತಿದ್ದೀನಿ ಅಂದ್ಕೊಂಡು ಕತ್ತರಿಸಿಬಿಟ್ಟೆ. ನೀನು ಇದನ್ನ ಹಾಕಿದ್ದು ಸರಿ ಮಗಳೇ, ಜನ ನೋಡ್ಲಿ."

ಇವಳಿಗೆ ಹೋದ ಜೀವ ಬಂದಂತಾಯಿತು. ದೊಡ್ಡಮ್ಮನ ಕೈ ಹಿಡಿದುಕೊಂಡು ಅತ್ತೇಬಿಟ್ಟಳು.

ದೊಡ್ಡಮ್ಮ ಇನ್ನೂ ಫೋಟೋವನ್ನೇ ನೋಡುತ್ತಿದ್ದರು. "ಈ ಬಿಳೀದನ್ನ ಸ್ವಲ್ಪ ಒರೆಸ್ತೀಯಾ? ಅವಳ ಮುಖ ನೋಡ್ಬೇಕು."

"ಯಾಕೆ?"

"ಆ ವರ್ಷವೇ ಜ್ವರ ಬಂದು ಸತ್ತುಹೋದಳು. ದಿನಾ ಪ್ರಾರ್ಥನೇಲಿ ಅವಳ ಕ್ಷಮೆ ಕೇಳ್ತೀನಿ. ಈಚೆಗೆ ಮುಖ ಸರಿಯಾಗಿ ನೆನಪಿಗೆ ಬರ್ತಿಲ್ಲ. ನೋಡ್ಕೊಂಡು ಹೋಗೋಣ ಅಂತಲೇ ಬಂದೆ."

"ಅದು... ಹೋಗಲ್ಲ ದೊಡ್ಡಮ್ಮ."

"ಹಾಗಾದ್ರೆ ಇನ್ನೊಂದು ಪ್ರತಿ ತೆಗೆಸಿ ಇಟ್ಟಿರ್ತೀಯಲ್ಲ?"

ಇವಳು ತಲೆ ತಗ್ಗಿಸಿದಳು. ದೊಡ್ಡಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳ ಕೈಯನ್ನು ಬಿಡದೆಯೇ ಕೇಳಿದರು:

"ಹೋಗ್ಲಿ, ಬಣ್ಣ ಬಳಿಯುವಾಗ ನೀನು ಹತ್ತಿರದಿಂದ ನೋಡಿರ್ತೀಯಲ್ಲ. ಹೇಗಿದ್ದಳು, ಹೇಳು."

ಕಲಾವಿದೆ ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ಒದ್ದಾಡಿದಳು. ಕುಂಚ ನೆನಪಾಯಿತು, ಬಣ್ಣ ಸರಿಯಾಗಿ ಕೂರಲೆಂದು ಎರಡನೇ ಸಲ ಬಳಿದದ್ದೂ ನೆನಪಾಯಿತು. ಮುಖವನ್ನು ಮಾತ್ರ ಅವಳು ನೋಡಿರಲೇ ಇಲ್ಲ.