ಮುಸ್ತಿ ಯಾರ ಮನೆಯ ನಾಯಿ

ಸೂಪಿನ ಮೇಲೆ ಕೆನೆ ಕಟ್ಟಿದೆ, ಹಸಿರೂ ಅಲ್ಲ ಕಂದೂ ಅಲ್ಲ, ಮುಂದೆ ನಿಂತವನು ಸೌಟಿನಿಂದ ಅದನ್ನು ಒಡೆದದ್ದೇ ಹಬೆ ಎದ್ದು ನನ್ನ ಕನ್ನಡಕವೆಲ್ಲ ಮಂಜು, ಒಳ್ಳೆಯದೇ ಆಯಿತು, ಯಾರ ಮುಖವೂ ಕಾಣುವುದು ಬೇಡ — ಇಡೀ ದೇಶಕ್ಕೇ ಗುರುವಾರ ಅಂದರೆ ಬಟಾಣಿ ಸೂಪು, ತಾಂಪೆರೆಯ ಈ ಎಂಜಿನಿಯರಿಂಗ್ ಕಾಲೇಜಿನ ಕ್ಯಾಂಟೀನಿನಲ್ಲೂ ಅದೇ, ಅಲ್ಲಿ ನಮ್ಮೂರು ಕುಹ್ಮೊದಲ್ಲಿ ಅಜ್ಜಿಯ ಒಲೆಯ ಮೇಲೂ ಅದೇ, ಈ ಹೊತ್ತಿಗೆ ಅವಳು ಪಕ್ಕದ ಮನೆಯ ವೈನೊಗೆ ಬಡಿಸುತ್ತ ಹೇಳುತ್ತಿರುತ್ತಾಳೆ, ನಮ್ಮ ಹೆಲ್ಕಾ ಇನ್ನೈದು ವರ್ಷಕ್ಕೆ ಸೇತುವೆ ಕಟ್ತಾಳೆ, ನೋಡ್ತಿರು, ಅವನು ಬಾಯಿ ಒರೆಸಿಕೊಂಡು, ಮೊದ್ಲು ನಿಮ್ಮ ದೋಣಿಕಟ್ಟೆ ಹಲಗೆ ರಿಪೇರಿ ಮಾಡ್ಲಿ ಅನ್ನು, ನಿನ್ನೆ ನನ್ನ ಕಾಲು ತೂರಿಹೋಯ್ತು, ಇಬ್ಬರೂ ನಗುತ್ತಾರೆ — ಆ ಹೆಲ್ಕಾ ನಾನು, ಟ್ರೇ ಹಿಡಿದು ನಿಂತಿದ್ದೇನೆ, ಕಿಟಕಿಯ ಹತ್ತಿರದ ಮೇಜಿನಲ್ಲಿ ಪಿಹ್ಲಾ ಕೂತಿದ್ದಾಳೆ, ಎದುರು ಕುರ್ಚಿಯ ಮೇಲೆ ತನ್ನ ಉಣ್ಣೆ ಟೊಪ್ಪಿ ಇಟ್ಟು ನನಗೆ ಜಾಗ ಹಿಡಿದಿದ್ದಾಳೆ, ಇವತ್ತೂ, ಅಷ್ಟಾದ ಮೇಲೂ.

ಅದು ನಡೆದು ಒಂದು ಗಂಟೆಯೂ ಆಗಿಲ್ಲ, ವಾರಕ್ಕೆ ಐದು ಲೆಕ್ಕ, ಯಾವುದನ್ನು ಮಾಡಿದ್ದೀಯೋ ಅದಕ್ಕೆ ಪಟ್ಟಿಯಲ್ಲಿ ನಿನ್ನ ಹೆಸರಿನ ಮುಂದೆ ಪೆನ್ಸಿಲಿನ ಒಂದು ಗೀಟು, ಹಾಳೆ ತೋರಿಸು ಅಂತ ಯಾರೂ ಕೇಳುವುದಿಲ್ಲ, ಮಾಡಿದೆ ಅಂದರೆ ಮಾಡಿದೆ, ಗೀಟು ಹಾಕಿದವರಲ್ಲಿ ಯಾರನ್ನಾದರೂ ಏರಿಕ್ ಬೋರ್ಡಿಗೆ ಕರೆಯುತ್ತಾನೆ, ನಮಗೆ ಲೆಕ್ಕ ಹೇಳಿಕೊಡುವವನು, ನಮಗಿಂತ ನಾಲ್ಕೇ ವರ್ಷ ದೊಡ್ಡವನು, ಅವನ ನಿಯಮ ಒಂದೇ, ಸುಳ್ಳು ಗೀಟು ಹಾಕಿ ಸಿಕ್ಕಿಬಿದ್ದವರು ತಮ್ಮ ಸಾಲನ್ನು ತಮ್ಮ ಕೈಯಿಂದಲೇ ಅಳಿಸಬೇಕು, ಸೆಪ್ಟೆಂಬರಿನಿಂದ ಹಾಕಿದ್ದಷ್ಟನ್ನೂ, ಗೀಟಿಲ್ಲದಿದ್ದರೆ ಪರೀಕ್ಷೆ ಇಲ್ಲ, ಬರುವ ವರ್ಷ ಮತ್ತೆ ಮೊದಲಿಂದ — ಕುಹ್ಮೊದ ಶಾಲೆಯಲ್ಲಿ ಗಣಿತ ಅಂದರೆ ನಾನು, ಇಲ್ಲಿ ಮೂರನೇ ವಾರದಿಂದ ಏನೊಂದೂ ತಲೆಗೆ ಹೋಗುತ್ತಿಲ್ಲ, ಕೇಳಬಹುದಿತ್ತು, ಎಲ್ಲರೂ ತಲೆಯಾಡಿಸಿದಾಗ ನಾನೂ ಆಡಿಸಿದೆ, ಬೋರ್ಡಿನ ಮೇಲೆ ಬಲಗಳು ಬಾಣಗಳಾಗಿ ಹಾರುತ್ತವೆ, ನಾನು ಕಿಟಕಿಯಾಚೆ ಬರ್ಚ್ ಮರ ನೋಡುತ್ತ ಅದರೊಳಗೆ ಯಾರು ವಾಸವಿರಬಹುದು ಎಂದು ಯೋಚಿಸುತ್ತೇನೆ — ನಿನ್ನೆ ಸಂಜೆ ಹಾಸ್ಟೆಲಿನ ಅಡುಗೆಮನೆಯಲ್ಲಿ ಪಿಹ್ಲಾ ತನ್ನ ಹಾಳೆಯನ್ನು ಬ್ರೆಡ್ಡಿನ ಪಕ್ಕ ಇಟ್ಟಳು, ನೋಡ್ಕೊಳ್ಳೇ, ಆದ್ರೆ ನೋಡಿ ಮುಚ್ಚಿಟ್ಟು ನೀನೇ ಮಾಡು, ಆಯ್ತಾ, ಆಯ್ತು ಅಂದೆ, ಅವಳು ಬಟ್ಟೆ ಒಗೆಯಲು ಹೋದಳು, ನಾನು ಮುಚ್ಚಲಿಲ್ಲ, ಅಕ್ಷರಕ್ಕೆ ಅಕ್ಷರ ಇಳಿಸಿದೆ, ಬೆಳಿಗ್ಗೆ ಐದಕ್ಕೈದು ಗೀಟು, ಏರಿಕ್ ಕರೆದ, ಹೆಲ್ಕಾ, ನಾಲ್ಕನೆಯದು ನೀನು ತೋರ್ಸು, ಎರಡು ಆಧಾರಗಳ ಮೇಲೆ ಮಲಗಿದ ತೊಲೆ, ಮೇಲೊಂದು ಭಾರ, ಸೀಮೆಸುಣ್ಣ ಬೆವರಿಗೆ ಮೆತ್ತಗಾಗುತ್ತಿತ್ತು, ಬೆನ್ನ ಹಿಂದೆ ಮೂವತ್ತು ಜನ, ಅಜ್ಜಿಯ ಕಥೆಯ ಕಾಡಿನ ಹೆಣ್ಣು ಮುಂದಿನಿಂದ ಕಣ್ಣು ಕೋರೈಸುವ ಚೆಲುವೆ, ಹಿಂದಿನಿಂದ ಲಡ್ಡು ಹಿಡಿದ ಟೊಳ್ಳು ಮರದ ಬೊಡ್ಡೆ, ಅದಕ್ಕೇ ಅವಳು ಯಾರಿಗೂ ಬೆನ್ನು ತೋರಿಸುವುದಿಲ್ಲ, ನನ್ನ ಸ್ವೆಟರಿನೊಳಗೆ ಆ ಟೊಳ್ಳಿಗೆ ಗಾಳಿ ನುಗ್ಗಿದಂತೆ — ಇದೇನಿದು ಎಂ, ವಿ, ಆಧಾರಗಳಿಗೆ ಎಲ್ಲರೂ ಎ, ಬಿ ಅಂತ ಬರೀತಾರೆ, ಏರಿಕ್ ಕೇಳಿದ, ಹಿಂದಿನ ಸಾಲಿನಿಂದ ಓತ್ಸೊ, ಬಿಡಪ್ಪ, ಅವಳ ಹಳೇ ಹುಡುಗರ ಹೆಸರಿರ್ಬೇಕು, ನಗೆ, ಎಂ ಅಂದರೆ ಏನು, ನನಗೆ ಗೊತ್ತಿರಲಿಲ್ಲ, ಬರೆದದ್ದನ್ನು ಬರೆದಿದ್ದೆ, ಆಗ ನೆನಪಾಯಿತು, ಪಿಹ್ಲಾಳ ಮಂಚದ ಮೇಲಿನ ಫೋಟೋ, ಎರಡು ನಾಯಿ, ಮುಸ್ತಿ, ವಿಲಿ, ಮುಸ್ತಿ ಈ ಬೇಸಿಗೆಯಲ್ಲಿ ಸತ್ತದ್ದು, ಮೊದಲ ವಾರವೇ ಅದನ್ನು ಹೇಳುತ್ತ ಅವಳು ನನ್ನ ಹೆಗಲಿಗೆ ಮುಖ ಒತ್ತಿ ಅತ್ತಿದ್ದಳು — ನಾಯಿಗಳ ಹೆಸರು, ಮುಸ್ತಿ, ವಿಲಿ, ಅಂದೆ, ಯಾರ ನಾಯಿ, ಏರಿಕ್ ಕೇಳಿದ, ನಮ್ಮನೆಯವು. ನಮ್ಮನೆಯವು ಅಂದೆ. ಅಜ್ಜಿ ಬೆಕ್ಕು ಬಿಟ್ಟರೆ ಏನನ್ನೂ ಸಾಕಿದವಳಲ್ಲ. ಚಿಹ್ನೆ ತಪ್ಪಿದೆ ನೋಡು, ಮೂರನೇ ಸಾಲು, ಅದೇನ್ ದೊಡ್ಡದಲ್ಲ, ಅನ್ನುತ್ತ ಏರಿಕ್ ತಿರುಗಿದ, ಮುಂದಿನ ಬೆಂಚಿನಲ್ಲಿ ಪಿಹ್ಲಾಳ ಹಾಳೆ ಬಿಚ್ಚಿಟ್ಟಿತ್ತು, ಅದೇ ಎಂ, ಅದೇ ವಿ, ಅದೇ ತಪ್ಪು, ಏನಮ್ಮ ಪಿಹ್ಲಾ, ಇವಳ ಮನೆ ನಾಯಿ ನಿನ್ನ ಹಾಳೆಗೆ ಹೇಗ್ ಬಂತು, ಹಗ್ಗ ಬಿಚ್ಕೊಂಡು ಬಂತಾ, ಮತ್ತೆ ನಗೆ, ಓತ್ಸೊ ಬೌ ಬೌ ಅಂದ, ಪಿಹ್ಲಾ ನಗಲಿಲ್ಲ, ನನ್ನನ್ನೇ ನೋಡಿದಳು, ಸಿಟ್ಟಿರಲಿಲ್ಲ, ಕಾಯುತ್ತಿದ್ದಳು, ಬಾಯಿ ತೆರೆಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು, ನಾನು ಬೆರಳಿಗಂಟಿದ ಸುಣ್ಣದ ಪುಡಿ ಒರೆಸಿಕೊಂಡೆ, ಪಟ್ಟಿ ಇತ್ತ ಕೊಡು, ಅಂದಳು ಪಿಹ್ಲಾ ಏರಿಕ್‌ಗೆ, ರಬ್ಬರು ತೆಗೆದಳು, ಕರ್ಪ್ಪಿನೆನ್ ಹೆಲ್ಕಾ, ಅದರ ಕೆಳಗೆ ಕೆರೇನೆನ್ ಪಿಹ್ಲಾ, ನಮ್ಮಿಬ್ಬರ ಸಾಲೂ ಒಂದರ ಕೆಳಗೊಂದು, ತನ್ನ ಸಾಲನ್ನು ಎಡದಿಂದ ಬಲಕ್ಕೆ ಉಜ್ಜುತ್ತ ಹೋದಳು, ಎಂಟು ವಾರ, ಒಂದೊಂದೂ ಅವಳೇ ಕೂತು ಮಾಡಿದ್ದು.

ಏನು, ಸೂಪಿಗೆ ಸಾಸಿವೆ ಬೇಡ್ವಾ ನಿಂಗೆ — ಯಾರು, ಏರಿಕ್, ನನ್ನ ಹಿಂದೆಯೇ ನಿಂತಿದ್ದಾನೆ, ಕೋಟಿನ ಜೇಬಿನಲ್ಲಿ ಮಡಚಿದ ಪಟ್ಟಿಯ ಅಂಚು ಕಾಣುತ್ತಿದೆ, ಹನ್ನೆರಡಕ್ಕೆ ಅದು ಆಫೀಸಿಗೆ ಹೋಗುತ್ತದೆ, ಆಮೇಲೆ ಕೂಡಿಸುವುದೂ ಇಲ್ಲ ಕಳೆಯುವುದೂ ಇಲ್ಲ, ಗೋಡೆಯ ಗಡಿಯಾರದಲ್ಲಿ ಹದಿನೈದು ನಿಮಿಷ ಬಾಕಿ, ಈಗ ಹೇಳಬೇಕು, ಹೇಳಿದರೆ ನನ್ನ ಸಾಲು ಹೋಗುತ್ತದೆ, ವರ್ಷ ಹೋಗುತ್ತದೆ, ಅಜ್ಜಿಗೆ ಫೋನಿನಲ್ಲಿ ಏನನ್ನಲಿ, ಹೇಳದಿದ್ದರೆ ಪಿಹ್ಲಾಳ ವರ್ಷ, ಏರಿಕ್, ನಿಂಗೊಂದು ಮಾತು, ಹ್ಞಾಂ ಹೇಳು, ಮುಖ ಎಷ್ಟು ನಿರಾಳವಾಗಿದೆ ಅವನದು, ಅವನೇ ಮುಂದುವರಿಸುತ್ತಾನೆ, ಬೇಜಾರ್ ಮಾಡ್ಕೋಬೇಡ, ನಕ್ಕಿದ್ದು ನಿನ್ನನ್ನ ನೋಡಿ ಅಲ್ಲ, ನಮ್ಮಲ್ಲೂ ನಾಯಿ ಇತ್ತು, ಮುಸ್ತಿ ಅಂದ್ರೆ ಕರೀದಿರ್ಬೇಕು ಅಲ್ವಾ, ಇನ್ನೂ ಇದೆಯಾ — ಹೌದು ಕರೀದು, ಇದೆ, ಅಂದೆ, ನಾನೇ ಅಂದೆ, ನನ್ನ ಬಾಯೇ, ಸತ್ತ ನಾಯಿಯನ್ನು ಎಬ್ಬಿಸಿ ಅಜ್ಜಿಯ ಅಂಗಳದಲ್ಲಿ ಓಡಾಡಿಸಿದೆ, ಮತ್ತೇನೋ ಮಾತು ಅಂದ್ಯಲ್ಲ, ಏನಿಲ್ಲ, ಸಾಸಿವೆ ತಗೋ, ಅಂದೆ, ಡಬ್ಬಿ ಕೈಬದಲಾಯಿತು, ಅವನು ಹೋದ, ಜೇಬು, ಪಟ್ಟಿ, ಬಾಗಿಲ ಕಡೆಯ ಮೇಜು, ಕೂಗಿದರೆ ಇನ್ನೂ ಕೇಳಿಸುತ್ತದೆ, ಕನ್ನಡಕದ ಮಂಜು ಆರಿದೆ, ಪಿಹ್ಲಾ ಕುರ್ಚಿಯ ಮೇಲಿನ ಟೊಪ್ಪಿ ಎತ್ತಿಕೊಂಡಳು, ಬಾ ಅಂತಲೋ, ಬರಬೇಡ ಅಂತಲೋ, ಸೂಪು ಟ್ರೇಯ ಮೇಲೆ ಚೆಲ್ಲುತ್ತಿದೆ, ನಡೆಯೇ ತಾಯಿ, ಸಾಲು ನಿಂತಿದೆ, ಹಿಂದೆ ಯಾರೋ, ಎಲ್ಲಿಗೆ ನಡೆಯಲಿ, ಕಣ್ಣೆದುರು ಬೇರೇನೂ ಇಲ್ಲ, ಅಳಿಸಿ ಮುಗಿಸಿದ ಮೇಲೆ ಅವಳು ಬಗ್ಗಿದ್ದು, ರಬ್ಬರಿನ ಬೂದು ಪುಡಿ, ಅದನ್ನು ಊದುವ ಮುನ್ನ ಎಡಗೈ ಅಂಗೈಯನ್ನು ನನ್ನ ಸಾಲಿಗೆ ಅಡ್ಡ ಹಿಡಿದದ್ದು, ನನ್ನ ಗೀಟಿನ ಮೇಲೆ ಒಂದು ಕಣವೂ ಬೀಳದ ಹಾಗೆ, ಆ ಅಂಗೈ, ಅಡ್ಡ ಹಿಡಿದ ಆ ಅಂಗೈ —