ರಬ್ಬರಿಗೆ ಅಂಟಿದ್ದು

ಮೂರನೆಯ ಸಲ ಕ್ಯಾಮೆರಾಕ್ಕೆ ಕಣ್ಣು ಕೊಟ್ಟಾಗ ರೆಪ್ಪೆಗೆ ಏನೋ ಅಂಟಿತು. ಬೆವರಲ್ಲ. ಬೆವರಿಗೆ ಅಷ್ಟು ಲೋಳೆ ಇರುವುದಿಲ್ಲ. ಮುಖ ಹಿಂದೆಳೆದು ನೋಡಿದರೆ ವ್ಯೂಫೈಂಡರಿನ ಸುತ್ತಲಿನ ರಬ್ಬರಿನಲ್ಲಿ ಯಾರದೋ ಕಣ್ಣಿನ ಹಳದಿ ಪಿಸುರು ಎಳೆಯೆಳೆಯಾಗಿ ಹೊಳೆಯುತ್ತಿತ್ತು.

ನಿರ್ದೇಶಕ ಒಬಿಯಾಜುಲು ಮುಂಜಾನೆಯಿಂದ ಕಪ್ಪು ಕನ್ನಡಕದಲ್ಲಿದ್ದರು. ಆ ವಾರ ನಮ್ಮೂರು ಅಸಾಬಾದಲ್ಲಿ ಮನೆಗೊಬ್ಬರಿಗೆ ಕೆಂಗಣ್ಣು ಬೇನೆ; ಅದನ್ನೇ ನಾವು ಅಪೋಲೋ ಎನ್ನುವುದು. ಮಾನಿಟರ್ ಸುಟ್ಟುಹೋಗಿದ್ದರಿಂದ ಪ್ರತಿ ಶಾಟ್ ಮುಗಿದ ಮೇಲೂ ತೆಗೆದದ್ದನ್ನು ನೋಡಲು ಅವರು ಬಂದು, ನಮಗೆಲ್ಲ ಬೆನ್ನು ತಿರುಗಿಸಿ, ಬಹಳ ಮರ್ಯಾದೆಯಿಂದ ಕನ್ನಡಕ ತೆಗೆದು, ಅದೇ ರಬ್ಬರಿಗೆ ಕಣ್ಣೊತ್ತುತ್ತಿದ್ದರು.

ನನ್ನ ಕಣ್ಣು ಹಾಳಾಗಲಿ. ಮಗ ಕೋಸಿಗೆ ಉಳಿದಿರುವುದು ಒಂದೇ ಕಣ್ಣು. ಇನ್ನೊಂದು ಕಳೆದ ವರ್ಷ ಕವಣೆಯ ಕಲ್ಲಿಗೆ ಹೋಯಿತು. ಆ ಒಂದನ್ನು ಜೋಪಾನ ಮಾಡಿ ಎಂದು ಡಾಕ್ಟರು ಹೇಳಿ ಹೇಳಿ ಕಳಿಸಿದ್ದಾರೆ. ಸಂಜೆ ನಾನು ಮನೆ ಸೇರಿದೊಡನೆ ಅವನು ಓಡಿಬಂದು ಕೆನ್ನೆಗೆ ಕೆನ್ನೆ ಉಜ್ಜುತ್ತಾನೆ.

"ಓಗಾ, ನಿಮ್ಗೆ ಕಣ್ಣು ಬಂದಿದೆ," ಎಂದೆ. ಸೆಟ್ಟಿನ ಯಜಮಾನನನ್ನು ಓಗಾ ಎನ್ನದೆ ಮಾತಾಡಿಸುವಂತಿಲ್ಲ.

"ಬಂದಿದೆ. ಅದಕ್ಕೇ ಕನ್ನಡಕ ಹಾಕಿದೀನಲ್ಲ! ಅಪೋಲೋ ಹರಡೋದು ನೋಟದಿಂದ, ಕೋಸಿಯಮ್ಮ. ಬೆಳಗಿಂದ ಯಾರ ಮುಖನಾದ್ರೂ ಬರಿಗಣ್ಣಲ್ಲಿ ನೋಡಿದೀನಾ?"

"ನೋಡಿಲ್ಲ. ಆದ್ರೆ ಈ ರಬ್ಬರಿಗೆ ಪಿಸುರು ಬಳ್ದಿದೀರ."

ಮೇಕಪ್ಪಿನ ಉಜುನ್ವಾ ಕಿಸಕ್ಕೆಂದಳು. "ಅಕ್ಕಾ, ಓಗಾ ಪಾಪ ಗೋಡೆ ಕಡೆ ತಿರುಗಿ ಊಟ ಮಾಡಿದ್ರು. ನಿಂದೇನು ರಾಣಿ ಕಣ್ಣಾ?" ಹೇಳುತ್ತಲೇ, ಆಗಷ್ಟೇ ಓಗಾರ ಮುಖದ ಬೆವರೊತ್ತಿದ್ದ ಸ್ಪಂಜನ್ನು ನಾಯಕಿಯ ಕೆನ್ನೆಗೆ ಒತ್ತಿದಳು.

"ಒರೆಸಿ ಕೊಡ್ತೀನಿ ಬಿಡು," ಎಂದು ಓಗಾ, ಕಣ್ಣೊರೆಸಿಕೊಳ್ಳುತ್ತಿದ್ದ ಅದೇ ಅಂಗಿತೋಳಿನಿಂದ ರಬ್ಬರನ್ನು ಉಜ್ಜಿದರು. "ಬೆಳಕು ಹೋಗ್ತಿದೆ. ಕಣ್ಣಿಡು. ಇಲ್ಲಾಂದ್ರೆ ಇಡೋರು ಬೇಕಾದಷ್ಟು ಜನ ಇದಾರೆ."

ನಾನು ರಬ್ಬರನ್ನು ಕಿತ್ತು, ಎರಡು ಬೆರಳ ತುದಿಯಲ್ಲಿ ಹಿಡಿದು ಅವರ ಅಂಗೈಗೆ ಹಾಕಿದೆ. "ಇದು ನಿಮ್ದು ಓಗಾ. ನೋಡೋವಾಗ ಸಿಕ್ಕಿಸ್ಕೊಳ್ಳಿ, ಆಮೇಲೆ ಜೇಬಲ್ಲಿಟ್ಕೊಳ್ಳಿ."

ಕ್ಯಾಮೆರಾ ಚೆನ್ನಾಗಿ ಒರೆಸಿ, ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಬೆಳಕು ನುಗ್ಗದಂತೆ ಕ್ಯಾಮೆರಾಕ್ಕೂ ನನಗೂ ಸೇರಿಸಿ ಮುಸುಕು ಹಾಕಿ, ತಾಗದಂತೆ ದೂರದಿಂದ ಇಣುಕಿದೆ. ಚಿತ್ರದ ಅಂಚು ಕಾಣಲಿಲ್ಲ. ಶಾಟಿನಲ್ಲಿ ನಾಯಕಿಯ ತಲೆ ಕತ್ತರಿಸಿಹೋಯಿತು. ಎಲ್ಲರೆದುರಿಗೆ ಬೈಸಿಕೊಂಡೆ.

ಆದರೆ ಅದಕ್ಕೆ ಮೊದಲೇ ಮೂರು ಸಲ ಆ ರಬ್ಬರಿಗೆ ಕಣ್ಣಿಟ್ಟಾಗಿತ್ತು. ಸಂಜೆ ಮನೆಯಂಗಳದ ನಲ್ಲಿಯಲ್ಲಿ ಸೋಪು ಸವೆಯುವಂತೆ ಮುಖ ತೊಳೆದರೂ ರೆಪ್ಪೆಯ ಮೇಲೆ ಆ ಲೋಳೆ ಇದ್ದಂತೆಯೇ ಇತ್ತು. ಕೋಸಿ ಓಡಿಬಂದ. ಕೈ ಅಡ್ಡ ಹಿಡಿದು ದೂರವೇ ನಿಲ್ಲಿಸಿದೆ.

"ಅಪೋಲೋನಾ ಅಮ್ಮ?" ಎಂದವನೇ ಊರವರೆಲ್ಲ ಮಾಡುವಂತೆ ತನ್ನ ಒಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡ. ಇಡೀ ದಿನ ಮಣ್ಣಲ್ಲಾಡಿದ ಅಂಗೈ.

"ಕೈ ತೆಗಿ ಮಗಾ. ಎಷ್ಟು ಬೇಕಾದ್ರೂ ನೋಡು, ಏನಾಗಲ್ಲ. ಮುಟ್ಬೇಡ ಅಷ್ಟೇ."

ಅವನು ಅಲ್ಲೇ ನಿಂತು ನೋಡಿದ. ಅವನ ಚಾಪೆ, ದಿಂಬನ್ನು ನಿಮ್ಮ ಕೋಣೆಗೆ ಒಯ್ಯಿರಿ ಎಂದು ಒಳಗಿದ್ದ ಅತ್ತೆಗೆ ಕೂಗಿ ಹೇಳಿ, ನಾನು ಮತ್ತೆ ಸೋಪು ಕೈಗೆತ್ತಿಕೊಂಡೆ.